ಹೆಜ್ಜೆ ಆಟ

ಗಂಗಲಕ್ಷ್ಮಮ್ಮನಿಗೆ ಆ ಮಂಗಳವಾರ ಬೆಳಿಗ್ಗೆ ಸೀರೆಯ ನೆರಿಗೆ ನಿಲ್ಲಲಿಲ್ಲ. ಮೂರು ಸಲ ಹಿಡಿದಳು. ಮೂರು ಸಲವೂ ಒಂದು ನೆರಿಗೆ ಹೆಚ್ಚಾಗಿ ಸೆರಗು ಗಿಡ್ಡವಾಯಿತು. ಇಪ್ಪತ್ತಾರು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಅಟೆಂಡರಾಗಿ ದುಡಿದವಳು ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಹೀಗೆ ತಡವರಿಸಿ ನಿಂತದ್ದು, ಗಂಡ ಮುನಿವೆಂಕಟಪ್ಪ ತೀರಿಕೊಂಡ ಮೇಲೆ ಮೊದಲ ಸಲ ಡ್ಯೂಟಿಗೆ ಹೋದ ದಿನ ಬಿಟ್ಟರೆ ಇವತ್ತೇ. ಹನ್ನೊಂದು ಗಂಟೆಗೆ ಟ್ರೈನಿಂಗು. ಡೀನ್ ಮೇಡಂನಿಂದ ಹಿಡಿದು ಗಿಡಕ್ಕೆ ನೀರು ಹಾಕುವವರವರೆಗೆ ಎಲ್ಲರೂ ಒಟ್ಟಿಗೆ ಕೂರಬೇಕೆಂದು ಸುತ್ತೋಲೆ ಬಂದಿತ್ತು. ಕೆಲಸದ ಜಾಗದಲ್ಲಿ ಸಮಾನತೆ ಮತ್ತು ಪರಸ್ಪರ ಗೌರವ ಎಂದು ಅದರ ಹೆಸರು. ಹೆಸರಿನಿಂದ ಅವಳಿಗೇನೂ ಭಯವಿರಲಿಲ್ಲ. ಅದನ್ನು ನಡೆಸುವವಳು ಅವಳ ವಿಭಾಗದಲ್ಲೇ ಪಾಠ ಹೇಳುವ, ಚಿಕ್ಕ ವಯಸ್ಸಿನ ರಿಮ್ಶಾ ಮೇಡಂ, ಅದೇ ಕಷ್ಟ. ಮಾತಿನ ಮಧ್ಯೆ ಒಂದು ಉದಾಹರಣೆ ಬೇಕಾಗುತ್ತದೆ, ಆ ಹುಡುಗಿ ಅಷ್ಟು ಜನರ ಮುಂದೆ ತನ್ನ ಕಡೆ ಕೈ ತೋರಿಸಿಬಿಟ್ಟರೆ? ದೇವರ ಗೂಡಿನಲ್ಲಿ ದೀಪ ಹಚ್ಚಿ, "ಸ್ವಾಮಿ, ಅವಳು ಬಾಯಿ ಬಿಡದ ಹಾಗೆ ಮಾಡು" ಎಂದು ಬೇಡಿಕೊಳ್ಳಲು ಹೊರಟವಳಿಗೆ ನಾಚಿಕೆಯಾಯಿತು. ತಪ್ಪು ಮಾಡಿದವಳು ತಾನು, ಬಾಯಿ ಕಟ್ಟಬೇಕಾದದ್ದು ಅವಳದ್ದೆ? ಬೇಡಿಕೆಯನ್ನು ಅರ್ಧಕ್ಕೇ ಬಿಟ್ಟು ಹಣೆಗೆ ವಿಭೂತಿ ಇಟ್ಟುಕೊಂಡಳು.

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಬಾಡಿಗೆದಾರ ಲಿಖಿತ್, ಹಲ್ಲುಜ್ಜುತ್ತಲೇ, "ಆಫೀಸಾ ಆಂಟಿ?" ಅಂದ. "ಹೂಂನಪ್ಪ" ಅಂದಳು. ದೊಡ್ಡನೆಕ್ಕುಂದಿಯ ಆ ಮೂರಂತಸ್ತಿನ ಕಟ್ಟಡದಲ್ಲಿ ಆರು ಮನೆ. ಒಂದರಲ್ಲಿ ತಾನು ಮತ್ತು ಮಗ ಆನಂದ, ನಾಲ್ಕರಲ್ಲಿ ಬಾಡಿಗೆಯವರು, ಮೇಲಿನದೊಂದು ಖಾಲಿ. ಬಾಡಿಗೆಯವರಿಗೆಲ್ಲ ಓನರ್ ಆಂಟಿ ಯೂನಿವರ್ಸಿಟಿ ಆಫೀಸಿನಲ್ಲಿದ್ದಾರೆ ಎಂದಷ್ಟೇ ಗೊತ್ತು. ಅವಳು ಸುಳ್ಳು ಹೇಳಿರಲಿಲ್ಲ. ಒಳ್ಳೆಯ ಸೀರೆಯುಟ್ಟು, ಕೈಚೀಲ ಹಿಡಿದು ಹೊರಡುತ್ತಿದ್ದಳು, ಅಷ್ಟೆ. ಬೂದುಬಣ್ಣದ ಯೂನಿಫಾರಂ ಸೀರೆ ವಿಭಾಗದ ಬೀರುವಿನಲ್ಲಿ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಇರುತ್ತಿತ್ತು. ಅಲ್ಲಿ ಹೋಗಿ ಉಡುವಳು, ಸಾಯಂಕಾಲ ಅಲ್ಲೇ ಬಿಚ್ಚಿಡುವಳು. ಒಬ್ಬಳನ್ನು ಬಿಟ್ಟರೆ ಅಲ್ಲಿಯ ಮೇಡಂಗಳಿಗೆ ಅವಳ ಆರು ಮನೆ ಗೊತ್ತಿಲ್ಲ, ಇಲ್ಲಿಯ ಹುಡುಗರಿಗೆ ಅವಳ ಟೀ ತಟ್ಟೆ ಗೊತ್ತಿಲ್ಲ. ನಡುವೆ ಒಂದು ಮೈಲಿ ರಸ್ತೆ. ವಿಶ್ವವಿದ್ಯಾಲಯದವರು ಊರವರ ಹೊಲ ಕೊಂಡಾಗ ಮನೆಗೊಂದು ಕೆಲಸ ಕೊಡುತ್ತೇವೆಂದರು. ಮುನಿವೆಂಕಟಪ್ಪ ಟವೆಲ್ ಕೊಡವಿ, "ನನ್ ಹೊಲದಾಗೆ ನಾನು ಕಸ ಗುಡಿಸಲ್ಲ" ಅಂದ. "ನಾನ್ ಗುಡಿಸ್ತೀನಿ. ನೀನು ಮನೆ ಕಟ್ಸು" ಅಂದಿದ್ದಳು ಇವಳು. ಅವನು ಕಟ್ಟಿಸಿದ, ಇವಳು ಗುಡಿಸಿದಳು. ಇಬ್ಬರಿಗೂ ತಮ್ಮ ತಮ್ಮ ಕೆಲಸ ಇಷ್ಟವಾಗಿತ್ತು. ಈಗ ಒಂಬತ್ತು ತಿಂಗಳಿಂದ ಕಟ್ಟಿಸಿದವನಿಲ್ಲ.

ರೈಲ್ವೆ ಗೇಟು ದಾಟುವಾಗ ಮತ್ತೆ ಆ ಭಾನುವಾರ ಎದುರಾಯಿತು. ಎರಡು ತಿಂಗಳ ಹಿಂದೆ. ಕುಕ್ಕರಿನಲ್ಲಿ ಮಟನ್ ಎರಡನೆಯ ವಿಷಲ್ ಕೂಗಿ ಮೂರನೆಯದಕ್ಕೆ ಬುಸುಗುಡುತ್ತಿತ್ತು. ಬಾಗಿಲಲ್ಲಿ ರಿಮ್ಶಾ ಮೇಡಂ ನಿಂತಿದ್ದಳು. ಮನೆ ಖಾಲಿ ಇದೆಯೆಂಬ ಬೋರ್ಡಿನ ಮೇಲಿದ್ದ ಆನಂದನ ನಂಬರಿಗೆ ಫೋನು ಮಾಡಿ, ಅಮ್ಮನ ಹತ್ತಿರ ಕೀ ಇದೆ ಎಂದು ಅವನು ಹೇಳಿದ್ದರಿಂದ ಮೇಲೆ ಹತ್ತಿ ಬಂದಿದ್ದಳು. ಇವಳನ್ನು ಕಂಡದ್ದೇ ಅವಳ ಮುಖ ಅರಳಿತು. "ಅಮ್ಮಾ! ನೀವಾ? ನೀವೂ ಇಲ್ಲೇ ಬಾಡಿಗೆಗಿದೀರಾ? ಓನರ್ ಹೇಗೆ, ಒಳ್ಳೆಯವ್ರಾ?" ಗಂಗಲಕ್ಷ್ಮಮ್ಮನ ಸೊಂಟದಲ್ಲಿ ಆರು ಮನೆಯ ಬೀಗದ ಕೈ ಗೊಂಚಲು ತೂಗುತ್ತಿತ್ತು. "ನಾನೇ ಓನರು" ಅಂದಳು. ರಿಮ್ಶಾಳ ಮುಖದಿಂದ ಆಶ್ಚರ್ಯ ಇಳಿಯಲು ಬೇಕಾದಷ್ಟಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲೇ ಎಲ್ಲ ಆದದ್ದು. ಈ ಹುಡುಗಿ ಇಲ್ಲಿಗೆ ಬಂದರೆ ಕೆಳಗಿನ ಹುಡುಗರ ಮುಂದೆ ಏನು ಹೇಳಿಯಾಳು? ಎದುರುಮನೆಯವರು, ಸಾಬರಿಗೆ ಕೊಟ್ಟರಂತೆ ಎಂದು ಏನು ಹೇಳಿಯಾರು? ಮೇಲಿನ ಮನೆ ಖಾಲಿ ಬಿದ್ದಾಗಲೆಲ್ಲ ಮುನಿವೆಂಕಟಪ್ಪ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಕಿಟಕಿಯಿಂದ ವಿಶ್ವವಿದ್ಯಾಲಯದ ನೀರಿನ ಟ್ಯಾಂಕು ತೋರಿಸಿ, "ಅಗೋ ನಮ್ ಹೊಲ" ಅನ್ನುತ್ತಿದ್ದ. ಯಾವುದು ಮೊದಲು ಬಂತು, ಯಾವುದು ಆಮೇಲೆ? ಬಾಯಿಂದ ಬಂದದ್ದು ಇವು ಯಾವುದೂ ಅಲ್ಲ. "ನಾನ್‌ವೆಜ್ ಮಾಡೋರ್ಗೆ ಕೊಡಲ್ಲ ಮೇಡಂ" ಅಂದಿದ್ದಳು. ಅದೇ ಗಳಿಗೆಗೆ ಕುಕ್ಕರು ಮೂರನೆಯ ವಿಷಲ್ ಕೂಗಿ, ಚಕ್ಕೆ ಲವಂಗದ ಜೊತೆ ಬೆಂದ ಮಾಂಸದ ವಾಸನೆ ಬಾಗಿಲವರೆಗೆ ಬಂದು ಇಬ್ಬರ ನಡುವೆ ನಿಂತುಕೊಂಡಿತು. ರಿಮ್ಶಾ ಅಡುಗೆಮನೆಯ ಕಡೆ ನೋಡಿದಳು. ಮುಗುಳ್ನಗೆಯಂಥದೇನೋ ತುಟಿಗೆ ಬಂದು ಹೋಯಿತು. "ಸರಿ ಅಮ್ಮ" ಎಂದು ಇಳಿದು ಹೋದಳು. ಆ ದಿನ ಊಟಕ್ಕೆ ಕೂತಾಗ ಗಂಗಲಕ್ಷ್ಮಮ್ಮ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು. ಆನಂದ, "ಉಪ್ಪು ಸರಿಯಾಗೇ ಇದ್ಯಲ್ಲಮ್ಮ" ಅಂದ.

ರಿಮ್ಶಾ ಮರುದಿನ ಎಂದಿನಂತೆಯೇ, "ಅಮ್ಮ, ಚೆನ್ನಾಗಿದೀರಾ?" ಎಂದು ಟೀ ತೆಗೆದುಕೊಂಡಳು. ಅದರ ಮರುದಿನವೂ. ಬೈದಿದ್ದರೆ, ಮುಖ ತಿರುಗಿಸಿದ್ದರೆ, ತಿರುಗಿ ಬೈಯಲು ಒಂದು ದಾರಿಯಿರುತ್ತಿತ್ತು. ಗಂಗಲಕ್ಷ್ಮಮ್ಮ ಅವಳ ಟೀಗೆ ಮಾತ್ರ ಶುಂಠಿ ಜಜ್ಜಿ ಹಾಕತೊಡಗಿದಳು. ಶುಂಠಿಯಿಂದ ತೀರುವ ವಿಷಯವೇ ಅದು? ತಾನು ಇಂಥವಳು ಎಂದು ಆ ಹುಡುಗಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ, ಅದನ್ನು ಅಳಿಸಬೇಕು. ಅಳಿಸಬೇಕಾದರೆ ಬಾಯಿ ತೆರೆಯಬೇಕು. ತೆರೆದರೆ ಏನು ಹೇಳುವುದು? ನಿನ್ನ ಜಾತಿಗಲ್ಲಮ್ಮ, ನನ್ನ ಜಂಬಕ್ಕೆ ಎಂದೆ?

ವಿಶ್ವವಿದ್ಯಾಲಯದ ಗೇಟಿನಲ್ಲಿ ಬಸ್ಸು ನಿಲ್ಲಿಸಿ ಗಾಜು ಒರೆಸುತ್ತಿದ್ದ ಡ್ರೈವರ್ ಶೌಕತ್ ಅವಳನ್ನು ಕಂಡು, "ಅರೆ ಗಂಗಕ್ಕ, ಮುಖ ಯಾಕೆ ಹಾಲು ಒಡೆದ ಹಾಗಿದೆ? ಟ್ರೈನಿಂಗ್‌ಗೆ ಹೆದರ್ಕೊಂಡ್ಯಾ?" ಅಂದ. ಪುಲಿಕೇಶಿನಗರದ ಶೌಕತ್ ಅವಳಿಗಿಂತ ಒಂದು ವರ್ಷ ಚಿಕ್ಕವನು. ರಿಮ್ಶಾ ಬರುವ ಮೊದಲು ಇಲ್ಲಿ ಅವಳ ಮನೆ ಕಂಡಿದ್ದವನು ಅವನೊಬ್ಬನೇ. ಮುನಿವೆಂಕಟಪ್ಪನ ಚಟ್ಟಕ್ಕೆ ಹೆಗಲು ಕೊಟ್ಟು ದೊಡ್ಡನೆಕ್ಕುಂದಿಯ ಸ್ಮಶಾನದವರೆಗೆ ಬರಿಗಾಲಲ್ಲಿ ನಡೆದಿದ್ದ. "ನಂಗೇನೋ ಭಯ? ಗೌರವ ಕೊಡೋದು ಕಲಿಸ್ತಾರಂತೆ, ಮೊದ್ಲು ನೀನ್ ಕಲಿ" ಅಂದಳು. "ನಾನು ಕೊಡ್ತೀನಲ್ಲ! ಬೆಳಗ್ಗೆಯಿಂದ ಈ ಬಸ್ಸಿಗೂ ಬನ್ನಿ ಹೋಗಿ ಅಂತಿದೀನಿ. ಸ್ಟಾರ್ಟೇ ಆಗ್ತಿಲ್ಲ" ಎಂದು ಶೌಕತ್ ಚಕ್ರಕ್ಕೆ ಒದ್ದ. ಇವನಿಗೆ ಗೊತ್ತಾದರೆ ಏನೆಂದುಕೊಂಡಾನು ಎಂಬ ಯೋಚನೆ ಬಂದು, ನಗು ಅರ್ಧಕ್ಕೇ ನಿಂತಿತು.

ಸಭಾಂಗಣದಲ್ಲಿ ಮೊದಲ ಕಷ್ಟ ಬಂದದ್ದು ಟೀಗೆ. ಹನ್ನೊಂದಕ್ಕೆ ಟೀ ಬರುವುದು ಅಲ್ಲಿ ಸೂರ್ಯ ಹುಟ್ಟಿದಷ್ಟೇ ಸಹಜ. ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು, ಬರಲಿಲ್ಲ. ಡೀನ್ ಹಂಸ ಮೇಡಂ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಟೀ ಎಲ್ರೀ?" ಅಂದರು. "ತರೋರೆಲ್ಲ ಇಲ್ಲೇ ಕೂತಿದೀವಿ ಮೇಡಂ, ಸಮಾನವಾಗಿ" ಎಂದು ಶೌಕತ್ ಹಿಂದಿನಿಂದ ಕೂಗಿದ. ನಗು ಎದ್ದಿತು. ಇಬ್ಬರು ಪ್ರೊಫೆಸರುಗಳು ಎದ್ದು ಹೋಗಿ ಫ್ಲಾಸ್ಕು ತಂದರು, ಲೋಟ ತರಲಿಲ್ಲ. ಲೋಟಕ್ಕೆ ಹೋದವರು ಸಕ್ಕರೆ ಮರೆತರು. ಒಬ್ಬರು ಬಗ್ಗಿಸುವಾಗ ಇನ್ನೊಬ್ಬರ ಷರಟಿನ ಮೇಲೆ ಚೆಲ್ಲಿತು. ಗಂಗಲಕ್ಷ್ಮಮ್ಮನ ಕೈ ತುರಿಸತೊಡಗಿತು; ಎರಡು ಸಲ ಏಳಲು ಹೋದಳು. ವೇದಿಕೆಯ ಮೇಲಿಂದ ರಿಮ್ಶಾ, "ಅಮ್ಮ, ಕೂತ್ಕೊಳ್ಳಿ" ಅಂದಳು. ಸಮಾಜಶಾಸ್ತ್ರದ ಹಿರಿಯ ಪ್ರೊಫೆಸರು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅವಳಿಗೊಂದು ಲೋಟ ಕೊಟ್ಟರು. ತಣ್ಣಗಿತ್ತು, ಸಪ್ಪೆಯಿತ್ತು. ತೀರ್ಥ ಕುಡಿಯುವ ಹಾಗೆ ಕುಡಿದಳು. ರಿಮ್ಶಾ ಅರ್ಧಗಂಟೆ ಮಾತನಾಡಿದಳು: ಯಾರನ್ನು ಹೇಗೆ ಕರೆಯಬೇಕು, ಯಾರ ಮಾತು ಅರ್ಧಕ್ಕೆ ಕತ್ತರಿಸುತ್ತೇವೆ, ಯಾರ ಹೆಸರನ್ನು ಕೇಳದೇ ವರ್ಷಗಟ್ಟಲೆ ಕೆಲಸ ಹೇಳುತ್ತೇವೆ. ಪ್ರತಿ ಉದಾಹರಣೆಗೂ ಗಂಗಲಕ್ಷ್ಮಮ್ಮನ ಎದೆ ಹಾರುತ್ತಿತ್ತು. ತನ್ನದು ಬರಲಿಲ್ಲ. ಬರಲಿಲ್ಲವೆಂದು ನೆಮ್ಮದಿಯಾಗಬೇಕಿತ್ತು, ಆ ಹುಡುಗಿಯ ದೊಡ್ಡತನ ಎದೆಯ ಮೇಲೆ ಇನ್ನೊಂದು ಕಲ್ಲಾಗಿ ಕೂತಿತು.

ಆಮೇಲೆ ಎಲ್ಲರನ್ನೂ ಹಿಂದಿನ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಕರೆದುಕೊಂಡು ಹೋದರು. ಒಂದು ಸುಣ್ಣದ ಗೆರೆ. ಎಲ್ಲರೂ ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ರಿಮ್ಶಾ ಹಾಳೆ ನೋಡಿ ಓದಿದ್ದು ತಮಗೆ ಹೊಂದಿದರೆ ಹೆಜ್ಜೆ ಹಾಕಬೇಕು. ಮುನಿವೆಂಕಟಪ್ಪನ ರಾಗಿಯ ಕಣ ಇದ್ದದ್ದು ಸರಿಯಾಗಿ ಇಲ್ಲೇ ಎಂದು ಗಂಗಲಕ್ಷ್ಮಮ್ಮನಿಗೆ ಮಾತ್ರ ಗೊತ್ತು. ಚಪ್ಪಲಿ ಬಿಟ್ಟು ನಿಂತಳು. "ಮೀಟಿಂಗಿನಲ್ಲಿ ನಿಮ್ಮ ಅಭಿಪ್ರಾಯ ಯಾರಾದ್ರೂ ಕೇಳಿದ್ದರೆ, ಒಂದು ಹೆಜ್ಜೆ ಮುಂದೆ." ಮೇಡಂಗಳೂ ಸಾರ್‌ಗಳೂ ಮುಂದೆ ಹೋದರು. "ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರು, ಒಂದು ಹೆಜ್ಜೆ ಮುಂದೆ." ಮತ್ತೆ ಅವರೇ. ಅಟೆಂಡರುಗಳು, ಡ್ರೈವರುಗಳು, ತೋಟದವರು ಗೆರೆಯ ಮೇಲೆ ಹಾಗೇ ಉಳಿದರು. ಹಂಸ ಮೇಡಂ ತಿರುಗಿ ನೋಡಿ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂತವರ ಹಾಗೆ ಸಂಕೋಚಪಟ್ಟುಕೊಂಡರು. "ಸ್ವಂತ ಮನೆ ಇರುವವರು, ಒಂದು ಹೆಜ್ಜೆ ಮುಂದೆ." ಹಂಸ ಮೇಡಂ, "ಲೋನ್ ಇದ್ರೆ?" ಎಂದು ಕೇಳಿದರು. "ಲೋನ್ ತೀರೋವರ್ಗೂ ಅದು ಬ್ಯಾಂಕ್‌ದು ಮೇಡಂ, ಅಲ್ಲೇ ನಿಂತ್ಕೊಳಿ" ಅಂದ ಶೌಕತ್. ಪ್ರೊಫೆಸರುಗಳ ಸಾಲು ಅಲುಗಾಡಲಿಲ್ಲ. ಗಂಗಲಕ್ಷ್ಮಮ್ಮನ ಕಾಲೂ ಅಲುಗಾಡಲಿಲ್ಲ. ನಿಂತುಬಿಡಬಹುದು. ಯಾರಿಗೆ ಗೊತ್ತಾಗುತ್ತದೆ? ರಿಮ್ಶಾ ಹಾಳೆಯಿಂದ ತಲೆ ಎತ್ತಿರಲಿಲ್ಲ. ಬೇಕೆಂದೇ ಎತ್ತಲಿಲ್ಲವೋ ಏನೋ. ಅಷ್ಟರಲ್ಲಿ ಪಕ್ಕದಿಂದ ಶೌಕತ್‌ನ ಮೊಣಕೈ ತಿವಿಯಿತು. ಮೆಲ್ಲಗೆ ಮಾತಾಡುವುದು ಅವನಿಗೆ ಹುಟ್ಟಿನಿಂದಲೇ ಬಾರದು. "ಹೋಗು ಗಂಗಕ್ಕ! ಆರು ಮನೆ ಇಟ್ಕೊಂಡು ನಮ್ ಜೊತೆ ನಿಂತ್ರೆ ದೇವ್ರು ಮೆಚ್ತಾನಾ?"

ಅಂಗಳವೆಲ್ಲ ಒಟ್ಟಿಗೆ ತಿರುಗಿತು. ಗಂಗಲಕ್ಷ್ಮಮ್ಮ ಒಂದು ಹೆಜ್ಜೆ ಇಟ್ಟಳು. "ಆರು ಮನೇನಾ?" ಹಂಸ ಮೇಡಂ ಕೂಗಿಕೊಂಡರು. "ಗಂಗಮ್ಮ, ನಂಗೊಂದು ಮಾತು ಹೇಳಿದ್ರೆ ಏನಾಗ್ತಿತ್ರೀ? ನಾನು ಆ ಟ್ರಾಫಿಕ್‌ನಲ್ಲಿ ದಿನಾ ಎರಡು ಗಂಟೆ ಸಾಯ್ತೀನಿ!" ಎಲ್ಲರೂ ಕೈ ತಟ್ಟಿದರು. "ಮನೆಗೆ ಸಾಲ ಇಲ್ಲದವರು." ಇನ್ನೊಂದು ಹೆಜ್ಜೆ. "ಕೆಲಸಕ್ಕೆ ನಡೆದೇ ಬರಬಲ್ಲವರು." ಇನ್ನೊಂದು. "ಮಕ್ಕಳು ಜೊತೆಯಲ್ಲೇ ಇರುವವರು." ಬೂದು ಸೀರೆಯ ಗಂಗಲಕ್ಷ್ಮಮ್ಮ ಬರಿಗಾಲಿನಲ್ಲಿ ಪ್ರೊಫೆಸರುಗಳನ್ನೂ ಡೀನರನ್ನೂ ದಾಟಿ, ಎಲ್ಲರಿಗಿಂತ ಮುಂದೆ, ಬುಟ್ಟಿ ತೂಗುವ ಕಂಬದ ಕೆಳಗೆ ಬಂದು ನಿಂತಳು. ಗುಟ್ಟು ಬಯಲಾದ ಅವಮಾನ ಬರುತ್ತದೆಂದು ಕಾದಳು, ಬರಲಿಲ್ಲ. ಬಂದದ್ದು ನಗು. ಮುನಿವೆಂಕಟಪ್ಪ ಇದ್ದಿದ್ದರೆ ಕಾಂಪೌಂಡಿನ ಆಚೆ ನಿಂತು ಶಿಳ್ಳೆ ಹಾಕುತ್ತಿದ್ದ. ಈ ನೆಲದ ಮೇಲೆ ಎತ್ತುಗಳ ಹಿಂದೆ ಅವನು ಸುತ್ತು ಹಾಕುವಾಗ ಬುತ್ತಿ ಹೊತ್ತು ಬರುತ್ತಿದ್ದ ಹುಡುಗಿಯ ಕಾಲು ಇವೇ ಅಲ್ಲವೇ.

"ಬಾಡಿಗೆಗೆ ಮನೆ ಕೇಳಿದಾಗ, ನೀವು ಯಾರು ಅಂತ ಗೊತ್ತಾದ ಮೇಲೆ ಇಲ್ಲ ಅನ್ನಿಸಿಕೊಂಡವರು, ಎರಡು ಹೆಜ್ಜೆ ಹಿಂದೆ."

ಓದಿದ ದನಿಯಲ್ಲಿ ಏನೂ ಇರಲಿಲ್ಲ. ಹಿಂದೆ ಕಾಲುಗಳ ಸದ್ದಾಯಿತು. ಗಂಗಲಕ್ಷ್ಮಮ್ಮ ತಿರುಗಿದಳು. ಶೌಕತ್ ಹಿಂದಕ್ಕೆ ಹೋಗಿದ್ದ. ಗಂಡನಿಂದ ಬೇರೆಯಾಗಿ ಒಬ್ಬಳೇ ಇರುವ ಲೈಬ್ರರಿಯ ಕಾವೇರಿ ಹೋಗಿದ್ದಳು. ಇನ್ನೂ ನಾಲ್ಕೈದು ಜನ. ರಿಮ್ಶಾ ಹಾಳೆಯನ್ನು ಮಡಿಸಿ ಹಿಡಿದು, ತಾನೂ ಗೆರೆಗೆ ಬಂದು, ಅಲ್ಲಿಂದ ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು. ಇಡೀ ಅಂಗಳ ಅವರಿಬ್ಬರ ನಡುವೆ ಬಿದ್ದಿತ್ತು. ರಿಮ್ಶಾ ಎಲ್ಲೋ ಮರದ ಕಡೆ ನೋಡುತ್ತಿದ್ದಳು. ಇನ್ನೊಂದು ಪ್ರಶ್ನೆ ಓದಿದರೆ ಇದು ಮುಗಿದುಹೋಗುತ್ತದೆ, ಊಟದ ಗಂಟೆ ಹೊಡೆಯುತ್ತದೆ, ನಾಳೆ ಮತ್ತೆ ಶುಂಠಿ ಟೀ. ಗಂಗಲಕ್ಷ್ಮಮ್ಮನಿಗೆ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ಮೇಡಂ, ಇಲ್ಲ ಅಂದೋರು ಎಷ್ಟ್ ಹೆಜ್ಜೆ ಹೋಗ್ಬೇಕು? ಯಾವ ಕಡೆಗೆ?"

ಜನ ನಕ್ಕರು. ರಿಮ್ಶಾ ನಗಲಿಲ್ಲವಾದ್ದರಿಂದ ನಗು ಅಲ್ಲಲ್ಲೇ ಆರಿತು. "ಅದು ಈ ಪೇಪರ್‌ನಲ್ಲಿ ಬರೆದಿಲ್ಲ ಅಮ್ಮ" ಅಂದಳು.

"ಬರೀಬೇಕಿತ್ತು" ಎಂದು ಗಂಗಲಕ್ಷ್ಮಮ್ಮ ಕಂಬದ ಕೆಳಗಿಂದ ನಡೆದು, ಡೀನರನ್ನು ದಾಟಿ, ಗೆರೆಯನ್ನೂ ದಾಟಿ, ರಿಮ್ಶಾಳ ಎದುರಿಗೆ ಬಂದು ನಿಂತಳು. "ಈ ಮೇಡಂ ನಮ್ಮನೆ ಕೇಳ್ಕೊಂಡು ಬಂದಿದ್ರು. ನಾನು ಇಲ್ಲ ಅಂದೆ. ನಾನ್‌ವೆಜ್ ಮಾಡೋರ್ಗೆ ಕೊಡಲ್ಲ ಅಂದೆ."

"ಯಾರು, ನೀನಾ?" ಶೌಕತ್‌ಗೆ ತಡೆಯಲಾಗಲಿಲ್ಲ. "ಭಾನುವಾರ ಆದ್ರೆ ಶಿವಾಜಿನಗರದಿಂದ ಅರ್ಧ ಕುರಿ ಹೊತ್ಕೊಂಡು ಹೋಗೋಳು?" ಆಮೇಲೆ ಅವಳು ಹೇಳಿದ್ದು ಏನೆಂದು ಅವನಿಗೆ ಅರ್ಥವಾಯಿತು. ಅವನು ತನ್ನ ಮುಖವನ್ನು ನೋಡಿದ ಆ ಗಳಿಗೆ ಗಂಗಲಕ್ಷ್ಮಮ್ಮನಿಗೆ ಬಹಳ ಉದ್ದವಾಯಿತು.

"ಅವತ್ತು ಕುಕ್ಕರ್ ಕೂಗ್ತಾ ಇತ್ತು" ಅಂದಳು ರಿಮ್ಶಾ. ಅಂದವಳಿಗೆ ನಗು ಬಂದುಬಿಟ್ಟಿತು, ಕೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಹಂಸ ಮೇಡಂ ಹೊತ್ತು ನೋಡಿ, ಎಲ್ಲರೂ ಊಟಕ್ಕೆ ನಡೆಯಿರಿ ಅಂದರು.

ಖಾಲಿಯಾದ ಅಂಗಳದಲ್ಲಿ ಇಬ್ಬರೇ ಉಳಿದಾಗ ರಿಮ್ಶಾಳ ನಗು ಹೋಗಿತ್ತು. "ಮೊದ್ಲು ನನ್ನ ಹೆಸರಿಗೇ ಇಲ್ಲ ಅಂದ್ರಿ ಅಂದ್ಕೊಂಡೆ ಅಮ್ಮ. ಅದು ಅಭ್ಯಾಸ ಆಗಿದೆ, ಐದಾರು ಮನೆ ಆಗಿತ್ತು ಅಷ್ಟರಲ್ಲಿ. ಶಿವಾಜಿನಗರಕ್ಕೆ ಬಸ್ ಹತ್ತಿದ ಮೇಲೆ, ನಾನು ನಿಮ್ಮನ್ನ ಏನು ಕೇಳಿದೆ ಅನ್ನೋದು ನೆನಪಾಯ್ತು. ನೀವೂ ಬಾಡಿಗೆಗಾ ಅಂತ. ಇಲ್ಲಿ ಮೈಕ್ ಹಿಡ್ಕೊಂಡು ಗೌರವ ಅನ್ನೋಳು ನಾನು! ಅದಕ್ಕೇ ಕೋಪ ಮಾಡ್ಕೊಂಡ್ರೇನೋ ಅಂದ್ಕೊಂಡೆ. ಕ್ಷಮಿಸಿ ಅಂತ ಕೇಳೋಕೆ ಎರಡು ತಿಂಗಳಿಂದ ನೋಡ್ತಿದೀನಿ, ನೀವು ಟೀ ಇಟ್ಟು ಓಡಿ ಹೋಗ್ತೀರ. ಯಾವುದಮ್ಮ, ನನ್ನ ಹೆಸರಾ, ನಾನು ಕೇಳಿದ್ದಾ?"

ಎರಡನೆಯದು ಎಂದುಬಿಟ್ಟರೆ ಸಾಕಿತ್ತು. ಆ ಹುಡುಗಿ ತಾನಾಗಿಯೇ ಬಾಗಿಲು ತೆರೆದು ಹಿಡಿದಿದ್ದಳು. ಗಂಗಲಕ್ಷ್ಮಮ್ಮ ತನ್ನ ಬರಿಗಾಲನ್ನು ನೋಡಿಕೊಂಡಳು. ಬೆಳಿಗ್ಗೆ ದೇವರ ಮುಂದೆ ಅರ್ಧಕ್ಕೆ ಬಿಟ್ಟ ಮಾತು ನೆನಪಾಯಿತು. "ನಂಗೇ ಗೊತ್ತಿಲ್ಲ ಮೇಡಂ. ನೀವು ಕೇಳಿದ್ದಕ್ಕೂ ಉರೀತು. ನಾನಿಲ್ಲಿ ಟೀ ಕೊಡೋದು ಅಲ್ಲಿ ಗೊತ್ತಾಗುತ್ತೆ ಅಂತ್ಲೂ ಇತ್ತು. ನಮ್ ಯಜಮಾನ್ರು ಮಲಗ್ತಿದ್ದ ಮನೆ ಅಂತ್ಲೂ ಇತ್ತು. ಎದುರುಮನೆಯವ್ರು ಏನಂತಾರೋ... ಅದೂ ಇತ್ತು. ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ."

ರಿಮ್ಶಾ ನೋವಾಯಿತೆಂಬುದನ್ನು ಅಡಗಿಸಲಿಲ್ಲ. ಕಾಲಿನಿಂದ ಸುಣ್ಣದ ಗೆರೆಯನ್ನು ಒಂದಿಷ್ಟು ಒರೆಸಿದಳು. "ಮನೆ ಇನ್ನೂ ಖಾಲಿನಾ?" ಅಂದಳು.

"ಖಾಲಿ. ಕೊಡ್ತೀನಿ."

"ನೀವು ಕೊಡ್ತೀರಾ ಅಂತ ಕೇಳ್ಲಿಲ್ಲ ಅಮ್ಮ. ನಾನು ತಗೋಬೇಕಾ ಅಂತ ನೋಡ್ಬೇಕು. ಸಾಯಂಕಾಲ ಬರ್ತೀನಿ."

ಸಾಯಂಕಾಲ ಯೂನಿಫಾರಂ ಬದಲಾಯಿಸಲು ಹೊತ್ತಿರಲಿಲ್ಲವೆಂದು ಗಂಗಲಕ್ಷ್ಮಮ್ಮ ತನಗೇ ಹೇಳಿಕೊಂಡಳು. ಹೊತ್ತಿತ್ತು. ಬೂದು ಸೀರೆಯಲ್ಲೇ ರಿಮ್ಶಾಳ ಪಕ್ಕದಲ್ಲಿ ಆ ಒಂದು ಮೈಲಿ ನಡೆದಳು, ಮೇಲಿನ ಮನೆಯ ಬಾಗಿಲು ತೆರೆದಳು. ಒಂಬತ್ತು ತಿಂಗಳ ಗಾಳಿ ಹೊರಗೆ ಬಂತು. ರಿಮ್ಶಾ ಚಪ್ಪಲಿ ಬಿಟ್ಟು ಒಳಗೆ ಹೋಗಿ, ನಲ್ಲಿ ತಿರುಗಿಸಿದಳು, ಗೋಡೆಯ ಮೂಲೆ ಮುಟ್ಟಿ ತೇವ ನೋಡಿದಳು, ಕಿಟಕಿ ತೆರೆದು ಟ್ಯಾಂಕಿನ ಕಡೆ ಸುಮ್ಮನೆ ನಿಂತಳು. ಅಲ್ಲಿ ನಮ್ಮ ಹೊಲವಿತ್ತು ಎಂದು ಹೇಳಲು ಬಾಯಿ ತೆರೆದ ಗಂಗಲಕ್ಷ್ಮಮ್ಮ, ಬಾಡಿಗೆಗೆ ಬರುವವರಿಗೆ ಅದು ಯಾಕೆ ಎಂದು ಸುಮ್ಮನಾದಳು. ಎದೆ ಮಾತ್ರ ಒಂದು ಸಲ ತುಂಬಿ, ತಾನೇ ಇಳಿಯಿತು. "ಅಡುಗೆಮನೆ ಸ್ವಲ್ಪ ಕತ್ತಲು" ಅಂದಳು ರಿಮ್ಶಾ. "ಲೈಟ್ ಹಾಕಿಸ್ಕೊಡ್ತೀನಿ." "ಬೇಸಿಗೇಲಿ ನೀರು?" "ಬೋರ್‌ವೆಲ್ ಇದೆ." "ನಮ್ಮಮ್ಮ ವಾರಕ್ಕೊಂದ್ಸಲ ಬರ್ತಾರೆ. ಬಂದ್ರೆ ಬಿರಿಯಾನಿ ಮಾಡ್ತಾರೆ." "ಮಾಡ್ದೆ ಇದ್ರೆ ನಾನು ಒಳಗೆ ಬಿಡಲ್ಲ." ರಿಮ್ಶಾ ನಕ್ಕಳು, ಆದರೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದು ಇಷ್ಟೆ: "ಯೋಚನೆ ಮಾಡಿ ಹೇಳ್ತೀನಮ್ಮ."

ಎಷ್ಟು ಜನರಿಗೆ ಮುನಿವೆಂಕಟಪ್ಪ ಇದೇ ಮಾತು ಹೇಳಿ ಕಳಿಸಿರಲಿಲ್ಲ, ಇದೇ ಮೆಟ್ಟಿಲ ಮೇಲೆ ನಿಂತು. ಹೇಳಿಸಿಕೊಂಡವರಿಗೆ ಹೀಗೆ ಅನ್ನಿಸುತ್ತದೆಂದು ಅವ್ವನ ಮನೆಯಲ್ಲೂ ಗಂಡನ ಮನೆಯಲ್ಲೂ ಯಾರೂ ಅವಳಿಗೆ ತಿಳಿಸಿರಲಿಲ್ಲ. ಗೇಟಿನವರೆಗೆ ಹೋಗಿ ಬಿಟ್ಟು ಬಂದಳು. ಕೆಲಸದಿಂದ ಬಂದ ಲಿಖಿತ್ ಬೈಕು ನಿಲ್ಲಿಸಿ, "ಯಾರು ಆಂಟಿ, ಹೊಸ ಟೆನೆಂಟಾ?" ಅಂದ.

"ಗೊತ್ತಿಲ್ಲಪ್ಪ. ಅವರು ಹೇಳ್ಬೇಕು."

"ಅವರು ಹೇಳ್ಬೇಕಾ!"

"ನಮ್ ಯೂನಿವರ್ಸಿಟಿ ಮೇಡಂ. ದಿನಾ ಅವ್ರಿಗೆ ಟೀ ಕೊಡೋಳು ನಾನೇ."

ಲಿಖಿತ್ ಈಗ ಸೀರೆಯನ್ನು ನೋಡಿದ. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿದ. "ಅಯ್ಯೋ ಆಂಟಿ, ನಮ್ ತಂಗಿಗೆ ನೀವು ಸೀಟು ಕೊಡಿಸ್ತೀರ ಅಂತ ಊರಿಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಲ್ಲ!"

"ಸೀಟ್ ನನ್ ಕೈಲಾಗಲ್ಲ. ಬಂದ್ರೆ ಕಳಿಸು, ಟೀ ಕೊಡ್ತೀನಿ" ಎಂದು ಗಂಗಲಕ್ಷ್ಮಮ್ಮ ನಕ್ಕಳು. ನಗುತ್ತಲೇ ಗೇಟಿನಾಚೆ ನೋಡಿದಳು. ರಸ್ತೆಯ ತಿರುವಿನಲ್ಲಿ ರಿಮ್ಶಾ ನಿಂತು ಫೋನಿನಲ್ಲಿ ಯಾರೊಡನೆಯೋ ಮಾತನಾಡುತ್ತಿದ್ದಳು, ತಾಯಿಯೊಡನೆ ಇರಬೇಕು. ಮಾತಿನ ನಡುವೆ ತಿರುಗಿ ಈ ಕಡೆ ಕೈ ತೋರಿಸಿದಳು. ಕಟ್ಟಡವನ್ನೋ, ಗೇಟಿನೊಳಗೆ ನಿಂತವಳನ್ನೋ. ಹೊಗಳುತ್ತಿದ್ದಾಳೋ ಬೈಯುತ್ತಿದ್ದಾಳೋ ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಗಂಗಲಕ್ಷ್ಮಮ್ಮ ಮುಖ ಒರೆಸಿಕೊಂಡು, ಇಂಟರ್‌ವ್ಯೂಗೆ ಬಂದವಳ ಹಾಗೆ, ನೆಟ್ಟಗೆ ನಿಂತುಕೊಂಡಳು.